ಗಾಳಿಯ ದಾರಿ ಹಿಡಿದು ಹೋಗಿ: ಹಳೆಯ ಬೀಟಲ್‌ನ ತಂಪಾಗಿಸುವ ಭಾಗಗಳನ್ನು ಗುರುತಿಸುವ ಬಗೆ

ರೇಡಿಯೇಟರ್ ಇಲ್ಲ, ವಾಟರ್ ಪಂಪ್ ಇಲ್ಲ, ಕೂಲೆಂಟ್ ಇಲ್ಲ. ಇಷ್ಟು ಕೇಳಿದ ಕೂಡಲೇ ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್‌ಗೆ ತಂಪಾಗಿಸುವ ವ್ಯವಸ್ಥೆಯೇ ಇಲ್ಲ ಎಂದು ತೀರ್ಮಾನಿಸುವವರು ಬೆಂಗಳೂರಿನ ಗ್ಯಾರೇಜುಗಳಲ್ಲಿ ಇನ್ನೂ ಇದ್ದಾರೆ. ಎಂಜಿನ್ ಇಳಿಸಿ, ಬಿಚ್ಚಿ, ಮತ್ತೆ ಜೋಡಿಸಿದ ಮೇಲೆ ನೆಲದಲ್ಲಿ ಉಳಿದ ನಾಲ್ಕಾರು ತಗಡಿನ ತುಂಡುಗಳನ್ನು ತೋರಿಸಿ, "ಇವು ಬರೀ ಕವರ್ ಸಾರ್, ಇಲ್ಲದಿದ್ದರೂ ಗಾಡಿ ಓಡುತ್ತದೆ" ಎನ್ನುತ್ತಾರೆ. ಓಡುತ್ತದೆ, ನಿಜ. ಏಪ್ರಿಲ್ ಮಧ್ಯಾಹ್ನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಿಕ್ಕಿಕೊಂಡಾಗ ಎಷ್ಟು ಹೊತ್ತು ಓಡುತ್ತದೆ ಎಂಬುದು ಬೇರೆ ಮಾತು.

ಈ ಲೇಖನ ಆ ತುಂಡುಗಳ ಬಗ್ಗೆಯೇ. ಯಾವುದು ಯಾವುದು, ಎಲ್ಲಿ ಕೂರುತ್ತದೆ, ಯಾವ ಕಾಲದ್ದು, ಯಾವುದರ ಜೊತೆ ಯಾವುದು ಹೊಂದುತ್ತದೆ ಎಂಬುದನ್ನು ಗುರುತಿಸಲು ಬಂದರೆ ಅರ್ಧ ಖರ್ಚು ಉಳಿಯಿತು. ಏಕೆಂದರೆ ಈ ಭಾಗಗಳಲ್ಲಿ ಹೆಚ್ಚಿನವು ಇಲ್ಲಿ ಹೊಸದಾಗಿ ಸಿಗುವುದಿಲ್ಲ. ಒಂದೋ ಶಿವಾಜಿನಗರದ ಗುಜರಿಯಲ್ಲಿ ಅದೃಷ್ಟ ಪರೀಕ್ಷೆ, ಇಲ್ಲವೇ ಹೊರದೇಶದಿಂದ ಕೊರಿಯರ್. ಸುಂಕ ಕಟ್ಟಿ ಬಿಡಿಸಿಕೊಂಡ ಫ್ಯಾನ್ ಹೌಸಿಂಗ್ ನಿಮ್ಮ ಎಂಜಿನ್ನಿಗೆ ಕೂರದಿದ್ದರೆ ಅದನ್ನು ವಾಪಸ್ ಕಳುಹಿಸುವ ಖರ್ಚಿಗಿಂತ ಗೋಡೆಗೆ ನೇತುಹಾಕುವುದೇ ಅಗ್ಗ.

ಮೊದಲು ಗಾಳಿಯ ದಾರಿ

ಭಾಗಗಳ ಹೆಸರು ಕಲಿಯುವ ಮೊದಲು ಗಾಳಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದನ್ನು ತಲೆಯಲ್ಲಿ ಗಟ್ಟಿ ಮಾಡಿಕೊಳ್ಳಿ. ಬೀಟಲ್‌ನ ಎಂಜಿನ್ ಹಿಂದಿದೆ. ಹಿಂದಿನ ಗಾಜಿನ ಕೆಳಗಿರುವ ಸೀಳುಗಳಿಂದ ಹೊರಗಿನ ಗಾಳಿ ಎಂಜಿನ್ ಕೋಣೆಗೆ ಇಳಿಯುತ್ತದೆ. ಕಾರಿಗೆ ವಿದ್ಯುತ್ ಕೊಡುವ ಡೈನಮೊದ ಒಂದು ತುದಿಯಲ್ಲಿ ಪುಲ್ಲಿ, ಇನ್ನೊಂದು ತುದಿಯಲ್ಲಿ ಫ್ಯಾನ್. ಆ ಫ್ಯಾನ್ ಗಾಳಿಯನ್ನು ಎಳೆದುಕೊಂಡು ತನ್ನನ್ನು ಸುತ್ತುವರಿದ ದೊಡ್ಡ ತಗಡಿನ ಪೆಟ್ಟಿಗೆಯೊಳಕ್ಕೆ ತಳ್ಳುತ್ತದೆ. ಅದೇ ಫ್ಯಾನ್ ಹೌಸಿಂಗ್. ಹೊರದೇಶದ ಮಾರಾಟಗಾರರು ಇದನ್ನೇ ಫ್ಯಾನ್ ಶ್ರೌಡ್ ಎಂದು ಬರೆದಿರುತ್ತಾರೆ. ಅಲ್ಲಿಂದ ಗಾಳಿ ಎಡಕ್ಕೂ ಬಲಕ್ಕೂ ಹಂಚಿಹೋಗಿ, ಸಿಲಿಂಡರ್ ಮತ್ತು ಹೆಡ್‌ಗಳ ರೆಕ್ಕೆಗಳ (ಶಾಖ ಬಿಡಲೆಂದು ಲೋಹದ ಮೈಯಿಂದ ಚಾಚಿದ ತೆಳು ಅಂಚುಗಳ) ನಡುವೆ ಇಳಿದು, ಬಿಸಿಯಾಗಿ, ಕಾರಿನ ಅಡಿಯಿಂದ ಹೊರಗೆ ಹೋಗುತ್ತದೆ.

ಇಲ್ಲಿ ಎರಡು ನಿಯಮಗಳಿವೆ. ಒಳಗೆ ಬಂದ ಗಾಳಿ ರೆಕ್ಕೆಗಳನ್ನು ತಪ್ಪಿಸಿ ಬೇರೆ ಕಡೆಯಿಂದ ಸೋರಿಹೋಗಬಾರದು. ಅಡಿಯಿಂದ ಹೊರಬಿದ್ದ ಬಿಸಿಗಾಳಿ ಮತ್ತೆ ಮೇಲಿನ ಕೋಣೆಗೆ ಏರಬಾರದು. ಬೀಟಲ್‌ನ ಪ್ರತಿಯೊಂದು ತಗಡೂ ಪ್ರತಿಯೊಂದು ರಬ್ಬರ್ ಪಟ್ಟಿಯೂ ಈ ಎರಡರಲ್ಲಿ ಒಂದು ಕೆಲಸಕ್ಕಾಗಿ ಇರುವಂಥದ್ದು. ಒಲೆಯ ಮುಂದೆ ಕುಳಿತು ಊದುಗೊಳವೆಯಿಲ್ಲದೆ ಊದಿದರೆ ಉಸಿರು ಸುತ್ತಲಿನ ಬೂದಿಯನ್ನೆಲ್ಲ ಎಬ್ಬಿಸುತ್ತದೆ, ಕೆಂಡ ಮಾತ್ರ ಹಾಗೆಯೇ ಇರುತ್ತದೆ. ತಗಡು ಕಳಚಿದ ಎಂಜಿನ್ನಿನಲ್ಲಿ ಫ್ಯಾನ್ ಮಾಡುವುದೂ ಅದನ್ನೇ.

ನಮ್ಮ ಊರಿನ ವಿಷಯಕ್ಕೆ ಬಂದರೆ ಇನ್ನೊಂದು ಲೆಕ್ಕವಿದೆ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಅಷ್ಟೇ ಉಷ್ಣಾಂಶದ ಕರಾವಳಿಯ ಗಾಳಿಗೆ ಹೋಲಿಸಿದರೆ ಇಲ್ಲಿನ ಗಾಳಿ ಸುಮಾರು ಶೇ 10ರಷ್ಟು ತೆಳು. ಫ್ಯಾನ್ ಒಂದು ಸುತ್ತಿಗೆ ತಳ್ಳುವ ಗಾಳಿಯ ಗಾತ್ರ ಬದಲಾಗುವುದಿಲ್ಲ, ಆದರೆ ಅದರ ತೂಕ ಕಡಿಮೆ. ಶಾಖವನ್ನು ಹೊತ್ತೊಯ್ಯುವುದು ಆ ತೂಕವೇ. ಹಾಗಾಗಿ ಮಂಗಳೂರಿನಲ್ಲಿ ಹೇಗೋ ನಡೆದುಹೋಗುವ ಸೋರಿಕೆ ಇಲ್ಲಿ, ಅದರಲ್ಲೂ ಭಾನುವಾರ ಬೆಳಿಗ್ಗೆ ನಂದಿ ಬೆಟ್ಟ ಹತ್ತುವಾಗ, ನಡೆಯುವುದಿಲ್ಲ.

ಎಂಜಿನ್ ಯಾವುದು? ಆರ್‌ಸಿಯ ವರ್ಷವನ್ನು ನಂಬಬೇಡಿ

ಕಾರು 1962ರದ್ದು ಎಂದ ಮಾತ್ರಕ್ಕೆ ಎಂಜಿನ್ನೂ ಅದೇ ವರ್ಷದ್ದು ಎನ್ನುವಂತಿಲ್ಲ. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಓಡಿದ ಕಾರುಗಳಿವು. ಎಷ್ಟೋ ಕೈ ಬದಲಾಗಿವೆ, ಎಷ್ಟೋ ಎಂಜಿನ್ ಬದಲಾಗಿವೆ. ಆದ್ದರಿಂದ ಮೊದಲ ಕೆಲಸ, ಡೈನಮೊ ಕೂತಿರುವ ಪೀಠದ ಬುಡದಲ್ಲಿ ಕ್ರ್ಯಾಂಕ್‌ಕೇಸ್ (ಎಂಜಿನ್ನಿನ ಮುಖ್ಯ ಒಡಲು) ಮೇಲೆ ಒತ್ತಿರುವ ಎಂಜಿನ್ ಸಂಖ್ಯೆಯನ್ನು ಓದುವುದು. ಎಣ್ಣೆ, ಧೂಳು ಸೇರಿ ಗಟ್ಟಿಯಾಗಿರುತ್ತದೆ. ಸೀಮೆಎಣ್ಣೆ ಅಥವಾ ಡೀಸೆಲ್ ಅದ್ದಿದ ಬಟ್ಟೆಯಿಂದ ಒರೆಸಿ, ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಸಂಖ್ಯೆಯ ಮೊದಲು ಅಕ್ಷರವಿದ್ದರೆ ಅದು ಮುಖ್ಯ: ಡಿ ಎಂದರೆ 1200 ಸಿಸಿ, ಎಫ್ ಎಂದರೆ 1300, ಎಚ್ ಎಂದರೆ 1500, ಎಡಿ ಎಂದರೆ ಪ್ರತಿ ಹೆಡ್‌ನಲ್ಲಿ ಎರಡೆರಡು ಒಳದಾರಿಗಳಿರುವ 1600.

ಅಕ್ಷರ ಕಾಣದಿದ್ದರೆ ಪೀಠವನ್ನೇ ನೋಡಿ. ಡೈನಮೊ ಪೀಠ ಕ್ರ್ಯಾಂಕ್‌ಕೇಸ್ ಜೊತೆಗೇ ಎರಕ ಹೊಯ್ದಂತೆ ಒಂದೇ ತುಂಡಾಗಿದ್ದರೆ ಅದು 1950ರ ದಶಕದ ಹಳೆಯ ವಿನ್ಯಾಸದ ಎಂಜಿನ್. ಬೋಲ್ಟ್ ಹಾಕಿ ಕೂರಿಸಿದ ಪ್ರತ್ಯೇಕ ಪೀಠವಿದ್ದರೆ ನಂತರದ್ದು. ಈ ಎರಡು ವಂಶಗಳ ತಗಡುಗಳು ಒಂದಕ್ಕೊಂದು ಹೊಂದುವುದಿಲ್ಲ. ಮುಂದಿನ ಪ್ರತಿ ಖರೀದಿಯೂ ಈ ಒಂದು ಉತ್ತರದ ಮೇಲೆ ನಿಂತಿದೆ.

ಇನ್ನೊಂದು ಸಣ್ಣ ವಿಷಯ. ಫೋಕ್ಸ್‌ವ್ಯಾಗನ್‌ನ ಮಾದರಿ ವರ್ಷ ಶುರುವಾಗುತ್ತಿದ್ದುದು ಹಿಂದಿನ ವರ್ಷದ ಆಗಸ್ಟ್‌ನಲ್ಲಿ. 1965ರ ಮಾದರಿ ಎಂದು ಬರೆದಿರುವ ಭಾಗ 1964ರ ಸೆಪ್ಟೆಂಬರ್‌ನಲ್ಲಿ ತಯಾರಾದ ಕಾರಿನಲ್ಲೂ ಇರುತ್ತದೆ. ಕೆಳಗೆ ಕೊಡುವ ವರ್ಷಗಳೆಲ್ಲ ಮಾದರಿ ವರ್ಷಗಳು. ಎಡ, ಬಲ ಎಂದಾಗಲೆಲ್ಲ ಚಾಲಕನ ಸೀಟಿನಲ್ಲಿ ಮುಂದೆ ನೋಡುತ್ತಾ ಕುಳಿತವರ ಎಡ, ಬಲ ಎಂದು ತಿಳಿಯಿರಿ. ಕಾರಿನ ಹಿಂದೆ ನಿಂತು ನೋಡುವವರಿಗೂ ಅದೇ ಎಡ, ಬಲ. ಆದರೆ ಇಳಿಸಿದ ಎಂಜಿನ್ನನ್ನು ಬೆಂಚಿನ ಮೇಲೆ ತಿರುಗಿಸಿಟ್ಟರೆ ಗೊಂದಲ ಖಂಡಿತ.

ಫ್ಯಾನ್ ಹೌಸಿಂಗ್: ನಾಲ್ಕು ಕಾಲ, ನಾಲ್ಕು ರೂಪ

ಗುಜರಿಯಲ್ಲಿ ಅತಿ ಹೆಚ್ಚು ತಪ್ಪಾಗುವುದು ಇದರಲ್ಲೇ. ದೂರದಿಂದ ನೋಡಿದರೆ ಎಲ್ಲವೂ ಒಂದೇ: ಕಪ್ಪು ಬಣ್ಣದ ಅರ್ಧಚಂದ್ರ, ನಡುವೆ ತೂತು. ಕೈಗೆತ್ತಿಕೊಂಡು ಮೂರು ಜಾಗ ನೋಡಿ.

ಮೊದಲ ಜಾಗ, ಕೆಳಗಿನ ಎರಡು ಬದಿಗಳು. ಅಲ್ಲಿ ದಪ್ಪ ಹೋಸ್ ಸಿಕ್ಕಿಸುವಂಥ ದುಂಡನೆಯ ಮೂತಿಗಳು ಇವೆಯೇ? ಇಲ್ಲದಿದ್ದರೆ ಅದು 1962ರವರೆಗಿನದು. 1963ರ ಮಾದರಿಯಿಂದ ಕಾರಿನ ಹೀಟರಿಗೆ ಶುದ್ಧ ಗಾಳಿಯನ್ನು ಫ್ಯಾನ್ ಹೌಸಿಂಗ್‌ನಿಂದಲೇ ಕಳುಹಿಸುವ ಏರ್ಪಾಡು ಬಂತು. ಮೂತಿಗಳು ಆಗ ಹುಟ್ಟಿಕೊಂಡವು.

ಎರಡನೆಯದು, ಕಾರಿನ ಮುಂಭಾಗಕ್ಕೆ ಮುಖ ಮಾಡುವ ಬದಿಯಲ್ಲಿ ಗಾಳಿ ಒಳಹೋಗುವ ದೊಡ್ಡ ದುಂಡು ಬಾಯಿ. 1964ರವರೆಗಿನ ಎಂಜಿನ್‌ಗಳಲ್ಲಿ ಆ ಬಾಯಿಯ ಎದುರು ಹಿಂದೆ ಮುಂದೆ ಸರಿಯುವ ಒಂದು ಬಳೆ ಇರುತ್ತದೆ, ಥ್ರಾಟಲ್ ರಿಂಗ್. ಎಂಜಿನ್ ತಣ್ಣಗಿದ್ದಾಗ ಬಳೆ ಬಾಯಿಯನ್ನು ಕಿರಿದಾಗಿಸುತ್ತದೆ, ಬಿಸಿಯಾದಾಗ ದೂರ ಸರಿಯುತ್ತದೆ. 1965ರಿಂದ ಬಳೆ ಹೋಯಿತು. ಅದರ ಬದಲು ಹೌಸಿಂಗ್‌ನ ಒಳಗೆ, ಕೆಳತುದಿಗಳಲ್ಲಿ, ಎಡಕ್ಕೊಂದು ಬಲಕ್ಕೊಂದು ಕದಗಳು ಬಂದವು. ಎರಡನ್ನೂ ಒಂದು ಸರಳು ಜೋಡಿಸುತ್ತದೆ. ಕದಗಳ ಅಚ್ಚುಗಳು ಹೊರಗಿನಿಂದಲೇ ಕಾಣುತ್ತವೆ. ಕೈಯಿಂದ ಆಡಿಸಿ ನೋಡಿ. ತುಕ್ಕು ಹಿಡಿದು ಮುಚ್ಚಿಕೊಂಡಿದ್ದರೆ ಬಿಡಿಸಲು ಸಾಧ್ಯವೇ ಎಂಬುದನ್ನು ಅಲ್ಲಿಯೇ ತೀರ್ಮಾನಿಸಿ, ಚೌಕಾಸಿಗೂ ಅದೇ ಆಧಾರ.

ಮೂರನೆಯದು, ಎಡಭಾಗದ ಬೆನ್ನು. ಅಲ್ಲಿ ಚಪ್ಪಟೆಯಾಗಿರಬೇಕಾದ ತಗಡು ಹೊರಕ್ಕೆ ಉಬ್ಬಿ, ಒಂದು ಸಣ್ಣ ಗೂಡಿನಂತೆ ಕಂಡರೆ ಅದು ಡಾಗ್‌ಹೌಸ್ ಹೌಸಿಂಗ್. 1971ರ ಮಾದರಿಯ 1600 ಎಂಜಿನ್‌ಗಳ ಜೊತೆ ಬಂದದ್ದು. ಇದರ ಕತೆ ಆಯಿಲ್ ಕೂಲರ್ ಹತ್ತಿರ ಬರುತ್ತದೆ.

ಇದೆಲ್ಲ ಹೊರಗಿನ ನೋಟ. ಈಗ ಟಾರ್ಚ್ ಹಾಕಿ ಫ್ಯಾನ್ ತೂತಿನೊಳಗೆ ಇಣುಕಿ. ಕಾರ್ಖಾನೆಯ ಅಸಲಿ ಹೌಸಿಂಗ್‌ನಲ್ಲಿ ಒಳಗೆ ಬಾಗಿದ ತಗಡಿನ ಪಟ್ಟಿಗಳನ್ನು ಸ್ಪಾಟ್ ವೆಲ್ಡ್ ಮಾಡಿರುತ್ತಾರೆ. ಗಾಳಿಯಲ್ಲಿ ಎಡಕ್ಕೆಷ್ಟು, ಬಲಕ್ಕೆಷ್ಟು, ಆಯಿಲ್ ಕೂಲರಿಗೆಷ್ಟು ಎಂದು ಪಾಲು ಮಾಡುವುದು ಈ ಪಟ್ಟಿಗಳು. ಹೊರಮೈಯಲ್ಲಿ ಸ್ಪಾಟ್ ವೆಲ್ಡಿನ ಸಣ್ಣ ಕುಳಿಗಳ ಸಾಲು ಬೆರಳಿಗೆ ತಾಗುತ್ತದೆ. ಮಾರುಕಟ್ಟೆಯ ಕ್ರೋಮ್ ಲೇಪಿತ ಹೊಳೆಯುವ ಹೌಸಿಂಗ್‌ಗಳಲ್ಲಿ ಎಷ್ಟೋ ಸಲ ಒಳಗೆ ಏನೂ ಇರುವುದಿಲ್ಲ: ಖಾಲಿ ಡಬ್ಬ. ಕದಗಳಿಗೆ ಜಾಗವೂ ಇರುವುದಿಲ್ಲ. ಶೋಗೆ ನಿಲ್ಲಿಸುವ ಕಾರಿಗೆ ಅದು ಸಾಕೇನೋ. ಹೊಸೂರು ರಸ್ತೆಯಲ್ಲಿ ಓಡಿಸುವ ಕಾರಿಗೆ, ತುಕ್ಕು ಹಿಡಿದ ಅಸಲಿಯನ್ನೇ ಕೊಂಡು ಪೀಣ್ಯದಲ್ಲಿ ಸ್ಯಾಂಡ್ ಬ್ಲಾಸ್ಟ್ ಮಾಡಿಸಿ, ಟಿಂಕರಿಂಗ್ ಮಾಡಿಸಿ, ಕಪ್ಪು ಬಣ್ಣ ಹೊಡೆಸುವುದು ಲೇಸು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹೀಟರ್ ಮೂತಿಗಳ ಬಗ್ಗೆ ಇನ್ನೂ ಒಂದು ಮಾತು, ಏಕೆಂದರೆ ಇದು ನಮ್ಮ ಊರಿನದೇ ಕಾಯಿಲೆ. ಬೆಂಗಳೂರಿನಲ್ಲಿ ಕಾರಿಗೆ ಹೀಟರ್ ಯಾರಿಗೆ ಬೇಕು? ಯಾವುದೋ ಕಾಲದಲ್ಲಿ ಯಾರೋ ಹೀಟರ್ ಪೆಟ್ಟಿಗೆಗಳನ್ನೂ ಹೋಸ್‌ಗಳನ್ನೂ ಕಿತ್ತು ಬಿಸಾಡಿರುತ್ತಾರೆ. ಮೂತಿಗಳು ಮಾತ್ರ ಬಾಯಿ ತೆರೆದುಕೊಂಡೇ ಇರುತ್ತವೆ. ಸಿಲಿಂಡರಿಗೆ ಹೋಗಬೇಕಾದ ಗಾಳಿ ಅಲ್ಲಿಂದ ಸೋರಿಹೋಗುತ್ತದೆ. ಹಳೆಯ ಕಾರು ಕೊಂಡವರು ಮೊದಲ ದಿನವೇ ಇದನ್ನು ನೋಡಬೇಕು. ಹೋಸ್ ಇಲ್ಲದಿದ್ದರೆ ಮೂತಿಯ ಅಳತೆಗೆ ತಗಡಿನ ಮುಚ್ಚಳ ಮಾಡಿಸಿ ಕ್ಲ್ಯಾಂಪ್ ಹಾಕಿ. ಬಟ್ಟೆ ತುರುಕುವುದು, ಟೇಪ್ ಸುತ್ತುವುದು ಬೇಡ, ಬಿಸಿಗೆ ಬಿಚ್ಚಿಕೊಳ್ಳುತ್ತವೆ.

ಫ್ಯಾನ್

ಫ್ಯಾನ್ ಎಂದರೆ ರೆಕ್ಕೆ ಬಿಚ್ಚಿದ ಫ್ಯಾನ್ ಅಲ್ಲ. ಉಕ್ಕಿನ ತಗಡನ್ನು ಒತ್ತಿ ಮಾಡಿದ, ಸುತ್ತ ಅಲಗುಗಳಿರುವ ಚಕ್ರ. ಎಂಜಿನ್ನಿನ ವೇಗದ ಎರಡು ಪಟ್ಟಿಗೆ ತುಸು ಕಡಿಮೆ ವೇಗದಲ್ಲಿ ತಿರುಗುತ್ತದೆ. ಅಂದಮೇಲೆ ಇದರ ನಡುಗುಂಬದಲ್ಲಿ (ಹಬ್) ಬಿರುಕು ಇದ್ದರೆ ಏನಾಗುತ್ತದೆ ಎಂದು ಯೋಚಿಸಿ. ಹಳೆಯ ಫ್ಯಾನ್ ಕೊಳ್ಳುವಾಗ ಗುಂಬ ಮತ್ತು ತಟ್ಟೆ ಕೂಡುವ ಜಾಗವನ್ನು ತೊಳೆದು, ಒರೆಸಿ, ಬೆಳಕಿಗೆ ಹಿಡಿದು ನೋಡಿ. ಕೂದಲೆಳೆಯಷ್ಟು ಬಿರುಕಿದ್ದರೂ ಬೇಡ. ವೆಲ್ಡ್ ಮಾಡಿಸಿಕೊಡುತ್ತೇನೆ ಎಂದರೂ ಬೇಡ; ಸಮತೋಲ ಹೋದ ಫ್ಯಾನ್ ಡೈನಮೊದ ಬೇರಿಂಗನ್ನು ತಿನ್ನುತ್ತದೆ.

ಎರಡು ಅಗಲಗಳ ಫ್ಯಾನ್‌ಗಳು ಬರುತ್ತವೆ. ಡಾಗ್‌ಹೌಸ್ ಹೌಸಿಂಗ್‌ಗೆ ಅಗಲವಾದದ್ದು, ಅದಕ್ಕಿಂತ ಹಳೆಯದಕ್ಕೆ ಕಿರಿದಾದದ್ದು. ವ್ಯತ್ಯಾಸ ಕೆಲವೇ ಮಿಲಿಮೀಟರ್, ಕಣ್ಣಳತೆಗೆ ಸಿಗುವುದಿಲ್ಲ. ವರ್ನಿಯರ್ ಕ್ಯಾಲಿಪರ್ ಒಯ್ದು ನಿಮ್ಮ ಹಳೆಯ ಫ್ಯಾನಿನ ಜೊತೆ ಹೋಲಿಸಿ. ಡಾಗ್‌ಹೌಸ್‌ನಲ್ಲಿ ಕಿರಿದಾದ ಫ್ಯಾನ್ ಕೂರಿಸಿದರೆ ಕೂರುತ್ತದೆ, ತಿರುಗುತ್ತದೆ, ಗಾಳಿ ಮಾತ್ರ ಸಾಲುವುದಿಲ್ಲ. ಸದ್ದೂ ಇಲ್ಲ, ಸುಳಿವೂ ಇಲ್ಲ.

ಫ್ಯಾನ್ ನಟ್ಟಿಗೆ 36 ಮಿಲಿಮೀಟರ್ ಸಾಕೆಟ್ ಬೇಕು. ಬಿಚ್ಚುವಾಗ ಗುಂಬದ ಹಿಂದಿರುವ ತೆಳು ವಾಷರ್‌ಗಳನ್ನು, ಅಂದರೆ ಶಿಮ್‌ಗಳನ್ನು, ಎಣಿಸಿ ಒಂದು ಡಬ್ಬಿಯಲ್ಲಿಡಿ. ಫ್ಯಾನಿಗೂ ಡೈನಮೊ ಬದಿಯ ತಟ್ಟೆಗೂ ನಡುವೆ ಸುಮಾರು 2 ಮಿಲಿಮೀಟರ್ ಅಂತರ ಇರಬೇಕು. ಆ ಅಂತರವನ್ನು ಹೊಂದಿಸುವುದು ಈ ಶಿಮ್‌ಗಳು. ಆ ತಟ್ಟೆಯಲ್ಲಿ ಡೈನಮೊವನ್ನು ತಂಪಾಗಿಡುವ ಗಾಳಿಗಾಗಿ ಒಂದು ಸೀಳು ಇರುತ್ತದೆ. ಜೋಡಿಸುವಾಗ ಸೀಳು ಕೆಳಮುಖವಾಗಿರಲಿ.

ಆಯಿಲ್ ಕೂಲರ್ ಮತ್ತು ಮೂರನೇ ಸಿಲಿಂಡರ್

ಇದನ್ನು ಗಾಳಿಯಿಂದ ತಂಪಾಗುವ ಎಂಜಿನ್ ಎನ್ನುತ್ತೇವಾದರೂ ಶಾಖದ ಒಂದು ಪಾಲನ್ನು ಎಣ್ಣೆಯೂ ಹೊರುತ್ತದೆ. ಆ ಎಣ್ಣೆಯನ್ನು ತಂಪು ಮಾಡಲು ಎಡಭಾಗದಲ್ಲಿ, ಮೂರನೇ ಸಿಲಿಂಡರಿನ ಮೇಲೆ, ಒಂದು ಸಣ್ಣ ಕೂಲರ್ ನೆಟ್ಟಗೆ ನಿಂತಿರುತ್ತದೆ. ಬಲಕ್ಕೆ ಒಂದು ಮತ್ತು ಎರಡು, ಎಡಕ್ಕೆ ಮೂರು ಮತ್ತು ನಾಲ್ಕು; ಒಂದು ಮತ್ತು ಮೂರು ಕಾರಿನ ಮುಂಭಾಗದ ಕಡೆ.

1970ರವರೆಗಿನ ವಿನ್ಯಾಸದಲ್ಲಿ ಈ ಕೂಲರ್ ಫ್ಯಾನ್ ಹೌಸಿಂಗ್‌ನ ಒಳಗೇ ಇತ್ತು. ಫಲ: ಕೂಲರನ್ನು ಹಾದು ಬಿಸಿಯಾದ ಗಾಳಿಯೇ ಮೂರನೇ ಸಿಲಿಂಡರಿಗೆ ಸಿಗುತ್ತಿತ್ತು. ಮೂರನೇ ಸಿಲಿಂಡರ್ ಉಳಿದವುಗಳಿಗಿಂತ ಹೆಚ್ಚು ಕಾಯುತ್ತದೆ ಎಂಬ ದೂರು ಬೀಟಲ್ ಲೋಕದಲ್ಲಿ ಹಳೆಯದು. 1971ರಲ್ಲಿ ಕೂಲರನ್ನು ಮುಖ್ಯ ದಾರಿಯಿಂದ ಹೊರಗೆ ಸರಿಸಿ, ಅದಕ್ಕೆ ಬೇರೆಯದೇ ಗೂಡು ಮಾಡಿ, ಬಿಸಿಗಾಳಿ ಪ್ರತ್ಯೇಕವಾಗಿ ಹೊರಹೋಗುವಂತೆ ಮಾಡಿದರು. ಹೆಚ್ಚುವರಿ ಗಾಳಿಗಾಗಿ ಫ್ಯಾನನ್ನು ಅಗಲ ಮಾಡಿದರು. ಇದೇ ಡಾಗ್‌ಹೌಸ್.

ಇಲ್ಲಿ ಎಚ್ಚರ ಬೇಕು. ಡಾಗ್‌ಹೌಸ್ ಎಂದರೆ ಒಂದು ಭಾಗವಲ್ಲ, ಒಂದು ಸೆಟ್. ಉಬ್ಬಿದ ಹೌಸಿಂಗ್, ಅಗಲವಾದ ಫ್ಯಾನ್, ಕೂಲರ್, ಕೂಲರನ್ನು ಪಕ್ಕಕ್ಕೆ ಸರಿಸಿ ಕೂರಿಸುವ ಅಡಾಪ್ಟರ್, ಕೂಲರಿನ ತಗಡು ಹೊದಿಕೆ, ಅದರ ಬಿಸಿಗಾಳಿಯನ್ನು ಹೊರಗೆ ಸಾಗಿಸುವ ತಗಡಿನ ನಾಳ, ಮತ್ತು ಆ ನಾಳ ಹಾದುಹೋಗಲು ಕಂಡಿ ಇರುವ ಮುಂಭಾಗದ ತಗಡು. ಗುಜರಿಯಲ್ಲಿ ಸಿಗುವುದು ಸಾಮಾನ್ಯವಾಗಿ ಹೌಸಿಂಗ್ ಮಾತ್ರ. ನಾಳ ಎಂದೋ ಕಳೆದುಹೋಗಿರುತ್ತದೆ. ನಾಳವಿಲ್ಲದೆ ಜೋಡಿಸಿದರೆ ಕೂಲರಿನ ಬಿಸಿಗಾಳಿಯೆಲ್ಲ ಎಂಜಿನ್ ಕೋಣೆಗೇ ಬಂದು ಬೀಳುತ್ತದೆ, ಫ್ಯಾನ್ ಅದನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಅದಕ್ಕಿಂತ ಹಳೆಯ ವಿನ್ಯಾಸವನ್ನು ಪೂರ್ತಿಯಾಗಿ, ಸರಿಯಾಗಿ ಜೋಡಿಸುವುದು ಮೇಲು.

ಕೂಲರ್ ಕೂರುವ ಜಾಗದ ರಬ್ಬರ್ ಸೀಲ್‌ಗಳಲ್ಲೂ ಎರಡು ಅಳತೆ. ಹಳೆಯ ಕ್ರ್ಯಾಂಕ್‌ಕೇಸ್‌ಗಳಲ್ಲಿ ಎಣ್ಣೆಯ ರಂಧ್ರ 8 ಮಿಲಿಮೀಟರ್, 1970ರ ಮಾದರಿಯಿಂದ 10 ಮಿಲಿಮೀಟರ್. ಒಂದು ಕಡೆ 8, ಇನ್ನೊಂದು ಕಡೆ 10 ಇದ್ದರೆ ಅದಕ್ಕೆಂದೇ ಮೆಟ್ಟಿಲಿರುವ ಸೀಲ್‌ಗಳು ಬರುತ್ತವೆ. ಅಂಗಡಿಯವರು ಕೊಟ್ಟ ಸೀಲನ್ನು ಒತ್ತಿ ಕೂರಿಸುವ ಮೊದಲು ಎರಡೂ ಬದಿಯ ರಂಧ್ರಗಳಿಗೆ ಡ್ರಿಲ್ ಬಿಟ್‌ನ ಹಿಂಬದಿ ಇಟ್ಟು ಅಳೆಯಿರಿ.

ಥರ್ಮೋಸ್ಟ್ಯಾಟ್: ಮೂಲೆಯಲ್ಲಿ ಕೂತ ಹಿತ್ತಾಳೆ

ನೀರಿಲ್ಲದ ಕಾರಿಗೆ ಥರ್ಮೋಸ್ಟ್ಯಾಟ್ ಏಕೆ ಎಂದು ಕೇಳುವವರಿಗೆ ಇದು ಕಾಣುವುದೇ ಇಲ್ಲ, ಏಕೆಂದರೆ ಇರುವುದು ಕಾರಿನ ಅಡಿಯಲ್ಲಿ, ಬಲಬದಿಯ ಎರಡು ಸಿಲಿಂಡರ್‌ಗಳ ಕೆಳಗೆ. ಮಡಿಕೆ ಮಡಿಕೆಯಾದ ಸಣ್ಣ ಲೋಹದ ಡಬ್ಬಿ, ಅದರಿಂದ ಮೇಲಕ್ಕೆ ಹೋಗುವ ಒಂದು ಸಣ್ಣ ಸರಳು. ಸರಳಿನ ಇನ್ನೊಂದು ತುದಿ ಹೌಸಿಂಗ್‌ನ ಕದಗಳಿಗೆ ಜೋಡಿಸಿರುತ್ತದೆ. ಡಬ್ಬಿಯ ಮೇಲೆ 65 ರಿಂದ 70 ಡಿಗ್ರಿ ಎಂದು ಒತ್ತಿರುತ್ತದೆ.

ಪರೀಕ್ಷೆ ಸುಲಭ. ಅಡುಗೆಮನೆಯ ಹಳೆಯ ಪಾತ್ರೆಯಲ್ಲಿ ನೀರು ಕಾಯಿಸಿ, ಥರ್ಮಾಮೀಟರ್ ಇಟ್ಟು, ಡಬ್ಬಿಯನ್ನು ತಂತಿಯಿಂದ ಇಳಿಬಿಡಿ. ತಣ್ಣಗಿದ್ದಾಗ ಮುದುಡಿರುವ ಡಬ್ಬಿ 65 ಡಿಗ್ರಿ ಹತ್ತಿರ ಹಿಗ್ಗತೊಡಗಬೇಕು. 70ಕ್ಕೆ ಬರುವ ಹೊತ್ತಿಗೆ ಅದರ ಉದ್ದ ಕನಿಷ್ಠ 46 ಮಿಲಿಮೀಟರ್ ಆಗಿರಬೇಕು. ತಣ್ಣೀರಿನಲ್ಲೂ ಹಿಗ್ಗಿಕೊಂಡೇ ಇದ್ದರೆ ತೂತಾಗಿದೆ ಎಂದರ್ಥ. ಹಳೆಯ ವಿನ್ಯಾಸದ ಜಾಣತನ ಇಲ್ಲಿದೆ: ಡಬ್ಬಿ ಸೋರಿದರೆ ಅದು ಹಿಗ್ಗಿ ಕದಗಳು ತೆರೆದೇ ಉಳಿಯುತ್ತವೆ, ಎಂಜಿನ್ ಸುಡುವುದಿಲ್ಲ. ಪರೀಕ್ಷೆ ಮುಗಿದ ಮೇಲೆ ಆ ಪಾತ್ರೆಯನ್ನು ಮನೆಯವರ ಕಣ್ಣಿಗೆ ಬೀಳದಂತೆ ಗ್ಯಾರೇಜಿನಲ್ಲೇ ಇಟ್ಟುಕೊಳ್ಳುವುದು ಕ್ಷೇಮ.

"ನಮ್ಮ ಬಿಸಿಲಿಗೆ ಇದು ಬೇಡ, ತೆಗೆದು ಹಾಕಿ" ಎಂಬ ಸಲಹೆ ಧಾರಾಳವಾಗಿ ಸಿಗುತ್ತದೆ. ನಾನು ಒಪ್ಪುವುದಿಲ್ಲ. ಡಿಸೆಂಬರ್ ಬೆಳಗಿನ ಬೆಂಗಳೂರಿನ ಚಳಿಯಲ್ಲಿ ಎಂಜಿನ್ ಬೇಗ ಹದಕ್ಕೆ ಬಂದಷ್ಟೂ ಸವೆತ ಕಡಿಮೆ. ತೆಗೆಯಲೇಬೇಕೆಂದಿದ್ದರೆ ಕದಗಳು ಪೂರ್ತಿ ತೆರೆದಿವೆ, ಅಲ್ಲಾಡುವುದಿಲ್ಲ ಎಂಬುದನ್ನು ಕಣ್ಣಾರೆ ನೋಡಿ. ಅರ್ಧ ಮುಚ್ಚಿ ಸಿಕ್ಕಿಕೊಂಡ ಕದಕ್ಕಿಂತ ದೊಡ್ಡ ಶತ್ರು ಈ ಎಂಜಿನ್ನಿಗೆ ಇಲ್ಲ.

ಎಸೆದುಬಿಡುವ ತಗಡುಗಳು

ಈಗ ಮೂಲೆಗೆ ಸರಿಸಿದ ಆ ತುಂಡುಗಳಿಗೆ ಬರೋಣ. ಸಿಲಿಂಡರ್‌ಗಳ ಮೇಲೆ ಎಡಬಲಕ್ಕೆ ಕವುಚಿ ಕೂರುವ ಎರಡು ದೊಡ್ಡ ತಗಡುಗಳನ್ನು ಯಾರೂ ಮರೆಯುವುದಿಲ್ಲ, ಅವಿಲ್ಲದೆ ಹೌಸಿಂಗ್ ನಿಲ್ಲುವುದೇ ಇಲ್ಲ. ಮರೆಯುವುದು ಕೆಳಗಿನವನ್ನು. ಪ್ರತಿ ಬದಿಯ ಎರಡು ಸಿಲಿಂಡರ್‌ಗಳ ಅಡಿಯಲ್ಲಿ, ಪುಶ್‌ರಾಡ್ (ವಾಲ್ವ್ ತೆರೆಯುವ ಸರಳು) ಕೊಳವೆಗಳ ಮೇಲೆ, ಅಂಗೈಯಗಲದ ಒಂದು ಬಾಗಿದ ತಗಡು ಸಿಕ್ಕಿಸಿರಬೇಕು. ಮೇಲಿನಿಂದ ಇಳಿದ ಗಾಳಿ ನೇರ ಕೆಳಗೆ ಬೀಳದೆ ಸಿಲಿಂಡರಿನ ಅಡಿಭಾಗವನ್ನೂ ಬಳಸಿಕೊಂಡು ಹೋಗುವಂತೆ ಮಾಡುವುದು ಇದು. ಪುಶ್‌ರಾಡ್ ಕೊಳವೆ ಹಾಕುವ ಮುನ್ನವೇ ಇದನ್ನು ಕೂರಿಸಬೇಕು. ಎಂಜಿನ್ ಜೋಡಿಸಿದ ಮೇಲೆ ನೆನಪಾದರೆ ಹೆಡ್ ಬಿಚ್ಚಬೇಕು. ಬೇಡದ ತುಂಡು ಎಂದು ಇದಕ್ಕೆ ಹೆಸರು ಬಂದದ್ದು ಹೀಗೆಯೇ ಇರಬೇಕು. ಕಾರಿನ ಅಡಿಗೆ ಇಣುಕಿ ಟಾರ್ಚ್ ಹಾಕಿದರೆ ಇದೆಯೋ ಇಲ್ಲವೋ ಗೊತ್ತಾಗುತ್ತದೆ.

ಕ್ರ್ಯಾಂಕ್ ಪುಲ್ಲಿಯ ಸುತ್ತಲಿನ ತಗಡು, ಅದರ ಹಿಂದೆ ಸೈಲೆನ್ಸರ್ ಮೇಲಿನ ಅಗಲ ತಗಡು, ಎಂಜಿನ್ನಿನ ಮುಂಭಾಗದ ತಗಡು, ಇವೆಲ್ಲ ಸೇರಿ ಮೇಲಿನ ತಣ್ಣನೆಯ ಕೋಣೆಗೂ ಕೆಳಗಿನ ಬಿಸಿ ಲೋಕಕ್ಕೂ ನಡುವೆ ಒಂದು ನೆಲವನ್ನು ಕಟ್ಟುತ್ತವೆ. ಎಂಜಿನ್ ಕೋಣೆಯ ಅಂಚಿನುದ್ದಕ್ಕೂ ಓಡುವ ದಪ್ಪ ರಬ್ಬರ್ ಪಟ್ಟಿ ಮತ್ತು ಪ್ರತಿ ಸ್ಪಾರ್ಕ್ ಪ್ಲಗ್ ವೈರ್ ತಗಡನ್ನು ದಾಟುವಲ್ಲಿನ ದುಂಡು ರಬ್ಬರ್ ಮುಚ್ಚಳ ಆ ನೆಲದ ಬಿರುಕುಗಳನ್ನು ಮುಚ್ಚುತ್ತವೆ. ಪ್ಲಗ್ ವೈರನ್ನು ಹೊಸದಾಗಿ ಹಾಕುವಾಗ ಸಾಮಾನ್ಯ ಕಾರಿನ ವೈರ್ ತಂದು ಸಿಕ್ಕಿಸಿದರೆ ಆ ಮುಚ್ಚಳ ಇರುವುದಿಲ್ಲ, ನಾಲ್ಕು ತೂತುಗಳು ಹಾಗೆಯೇ ಉಳಿಯುತ್ತವೆ.

ಹೌಸಿಂಗ್ ಇಳಿಸಿದಾಗ ಸಿಲಿಂಡರ್ ರೆಕ್ಕೆಗಳ ನಡುವೆ ಬೆಳಕು ಹಾಯಿಸಿ ನೋಡಿ. ಹೊದಿಕೆ ಹಾಕಿ ತಿಂಗಳುಗಟ್ಟಲೆ ನಿಲ್ಲಿಸಿದ ಕಾರುಗಳಲ್ಲಿ ಇಲಿಗಳು ಬಟ್ಟೆ ಚೂರು, ತೆಂಗಿನ ನಾರು ತಂದು ಗೂಡು ಕಟ್ಟಿರುತ್ತವೆ. ಕಡಜದ ಮಣ್ಣಿನ ಗೂಡೂ ಇರಬಹುದು. ಹೊರಗಿನಿಂದ ಎಷ್ಟೇ ತಪಾಸಣೆ ಮಾಡಿದರೂ ಕಾಣದ ಜಾಗ ಅದು.

ಬೆಲ್ಟ್

ಬೆಲ್ಟ್ ಗುರುತಿಸುವುದು ಸುಲಭ, ಅದರ ಬೆನ್ನ ಮೇಲೆಯೇ ಅಳತೆ ಅಚ್ಚಾಗಿರುತ್ತದೆ. ಡೈನಮೊ ಇರುವ 12 ವೋಲ್ಟ್ ಬೀಟಲ್‌ಗಳಲ್ಲಿ ಸಾಮಾನ್ಯವಾಗಿ ಕಾಣುವುದು 9.5 × 905. ಜೆ.ಸಿ. ರಸ್ತೆಯಲ್ಲಿ ಕಾರಿನ ಹೆಸರು ಹೇಳುವ ಬದಲು ಈ ಅಳತೆ ಹೇಳಿ, ಕೆಲಸ ಬೇಗ ಆಗುತ್ತದೆ. ಬಿಗಿ ಹೊಂದಿಸುವುದು ಡೈನಮೊ ಪುಲ್ಲಿಯ ಎರಡು ಹೋಳುಗಳ ನಡುವಿನ ಶಿಮ್‌ಗಳಿಂದ. ಶಿಮ್ ತೆಗೆದರೆ ಬಿಗಿ, ಸೇರಿಸಿದರೆ ಸಡಿಲ. ತೆಗೆದ ಶಿಮ್ಮನ್ನು ಅದೇ ನಟ್ಟಿನ ಕೆಳಗೆ ಹೊರಬದಿಯಲ್ಲಿ ಹಾಕಿಡಿ, ಕಳೆಯುವುದಿಲ್ಲ. ಹೆಬ್ಬೆರಳಿನಿಂದ ಒತ್ತಿದರೆ ಬೆಲ್ಟ್ ಸುಮಾರು 15 ಮಿಲಿಮೀಟರ್ ತಗ್ಗಬೇಕು. ಓಡುವಾಗ ಡೈನಮೊದ ಕೆಂಪು ದೀಪ ಹೊತ್ತಿಕೊಂಡರೆ ಬ್ಯಾಟರಿ ತಾನೇ, ಮನೆಗೆ ಹೋಗಿ ನೋಡೋಣ ಎನ್ನಬೇಡಿ. ಬೆಲ್ಟ್ ಹರಿದಿದ್ದರೆ ಫ್ಯಾನೂ ನಿಂತಿದೆ. ಅಲ್ಲಿಯೇ ನಿಲ್ಲಿಸಿ.

ಭಾಗದ ಸಂಖ್ಯೆ ಓದುವುದು

ಅಸಲಿ ಭಾಗಗಳ ಮೇಲೆ ಮೂರು ಮೂರು ಅಂಕಿಗಳ ಮೂರು ಗುಂಪು ಇರುತ್ತವೆ. ಮೊದಲ ಗುಂಪು ಯಾವ ಗಾಡಿಗಾಗಿ ವಿನ್ಯಾಸಗೊಂಡದ್ದು ಎಂಬುದನ್ನು ಹೇಳುತ್ತದೆ: 111, 113 ಎಂದರೆ ಬೀಟಲ್, 211 ಎಂದರೆ ವ್ಯಾನ್, 311 ಎಂದರೆ ಟೈಪ್ 3 ಕಾರು. ನಡುವಿನ ಗುಂಪು ಕೆಲಸ ಹೇಳುತ್ತದೆ. 119 ಇದ್ದರೆ ತಂಪುಗಾಳಿಯ ಭಾಗ, 117 ಇದ್ದರೆ ಆಯಿಲ್ ಕೂಲರ್ ಸಂಬಂಧಿ, 903 ಇದ್ದರೆ ಡೈನಮೊ ಮತ್ತು ಬೆಲ್ಟ್. ಕೊನೆಯಲ್ಲಿ ಅಕ್ಷರವಿದ್ದರೆ ಅದು ತಿದ್ದುಪಡಿಯಾದ ಆವೃತ್ತಿ. ಗುಜರಿ ರಾಶಿಯಲ್ಲಿ ಯಾವುದೋ ಬಾಗಿದ ತಗಡು ಸಿಕ್ಕಿ, ನಡುವೆ 119 ಕಂಡರೆ ಅದನ್ನು ಕೆಳಗಿಡಬೇಡಿ. ಮೆಕ್ಸಿಕೊದಲ್ಲಿ ಬೀಟಲ್ ತಯಾರಿಕೆ ನಿಂತದ್ದು 2003ರ ಜುಲೈಯಲ್ಲಿ. ಬ್ರೆಜಿಲ್‌ನಲ್ಲೂ ದೀರ್ಘಕಾಲ ತಯಾರಾಗಿದೆ. ಜರ್ಮನಿಯ ಮುದ್ರೆ ಇಲ್ಲ ಎಂದ ಮಾತ್ರಕ್ಕೆ ನಕಲಿ ಎನ್ನಬೇಕಿಲ್ಲ.

ಬೀಟಲ್ ಅಲ್ಲದಿದ್ದರೆ

ಫೋಕ್ಸ್‌ವ್ಯಾಗನ್‌ನದೇ ಟೈಪ್ 3 ಕಾರಿನಲ್ಲಿ ಫ್ಯಾನ್ ನೇರ ಕ್ರ್ಯಾಂಕ್‌ಶಾಫ್ಟ್ ಮೇಲಿದೆ. ಅಲ್ಲಿನ ಬೆಲ್ಟ್ ಡೈನಮೊಗೆ ಮಾತ್ರ. ಸಿಟ್ರೊಯೆನ್ 2ಸಿವಿಯಲ್ಲೂ ಫ್ಯಾನ್ ಕ್ರ್ಯಾಂಕ್ ಮೇಲೆಯೇ, ಎಂಜಿನ್ನಿನ ಮುಂದೆ. ಫಿಯೆಟ್ 500ರಲ್ಲಿ ಬೀಟಲ್‌ನಂತೆಯೇ ಡೈನಮೊ ಶಾಫ್ಟ್ ಮೇಲೆ. ನಮ್ಮಲ್ಲಿ ಮನೆಮಾತಾಗಿದ್ದ ಫಿಯೆಟ್ 1100 ನೀರಿನಿಂದ ತಂಪಾಗುವ ಕಾರು, ಅದಕ್ಕೂ 500ಕ್ಕೂ ಸಂಬಂಧವಿಲ್ಲ. ಶೆವರ್ಲೆ ಕೊರ್ವೇರ್‌ನಲ್ಲಿ ಫ್ಯಾನ್ ಎಂಜಿನ್ನಿನ ಮೇಲೆ ಅಡ್ಡಲಾಗಿ ಮಲಗಿದೆ, ಬೆಲ್ಟ್ ಮೂಲೆ ತಿರುಗಿ ಅದನ್ನು ಓಡಿಸುತ್ತದೆ. ಯಾವುದೇ ಆಗಲಿ, ಫ್ಯಾನ್ ಯಾವ ಶಾಫ್ಟ್ ಮೇಲಿದೆ ಎಂದು ಮೊದಲು ಹುಡುಕಿ, ಅಲ್ಲಿಂದ ಗಾಳಿಯ ಹಿಂದೆ ಹೋಗಿ. ಮೆಕ್ಯಾನಿಕ್‌ಗೆ ವಿವರಿಸಲು ಕಷ್ಟವಾದರೆ ಅವರಿಗೆ ಚೆನ್ನಾಗಿ ಗೊತ್ತಿರುವ ಹಳೆಯ ವೆಸ್ಪಾ, ಚೇತಕ್ ಸ್ಕೂಟರುಗಳ ಎಂಜಿನ್ನನ್ನು ತೋರಿಸಿ: ಫ್ಲೈವ್ಹೀಲ್ ಮೇಲಿನ ಫ್ಯಾನ್, ಸಿಲಿಂಡರನ್ನು ಮುಚ್ಚಿದ ಕವಚ. ಆ ಕವಚ ತೆಗೆದು ಸ್ಕೂಟರ್ ಓಡಿಸಿ ಎಂದು ಯಾವ ಮೆಕ್ಯಾನಿಕ್ಕೂ ಹೇಳುವುದಿಲ್ಲ.

ಕೊಳ್ಳುವಾಗ, ಜೋಡಿಸಿದ ಮೇಲೆ

ಗುಜರಿಗೆ ಹೋಗುವಾಗ ನಿಮ್ಮ ಎಂಜಿನ್ ಸಂಖ್ಯೆ, ಹೌಸಿಂಗ್‌ನ ಮೂರು ಬದಿಯ ಫೋಟೊ, ಫ್ಯಾನ್ ಅಗಲ, ಎಣ್ಣೆ ರಂಧ್ರದ ಅಳತೆ ಮೊಬೈಲಿನಲ್ಲಿರಲಿ. ವರ್ನಿಯರ್, ಸಣ್ಣ ಕನ್ನಡಿ, ಅಯಸ್ಕಾಂತ ಜೇಬಿನಲ್ಲಿರಲಿ; ಬಣ್ಣದ ಕೆಳಗೆ ಪುಟ್ಟಿ ಮೆತ್ತಿ ತೂತು ಮುಚ್ಚಿದ್ದರೆ ಅಯಸ್ಕಾಂತ ಹಿಡಿಯುವುದಿಲ್ಲ. "ಎಲ್ಲಾ ಬೀಟಲ್‌ಗೂ ಕೂರುತ್ತದೆ" ಎಂಬ ಮಾತು ಕೇಳಿಬಂದರೆ ನಕ್ಕು ಸುಮ್ಮನಾಗಿ, ಅಳತೆ ಮುಂದುವರಿಸಿ.

ಎಲ್ಲ ಜೋಡಿಸಿದ ಮೇಲೆ ಎಂಜಿನ್ ಚಾಲೂ ಮಾಡಿ, ತೋಳು, ದುಪಟ್ಟಾ, ಕೂದಲು ಬೆಲ್ಟಿನಿಂದ ದೂರವಿಟ್ಟು, ಒಂದು ಕಡ್ಡಿಯ ತುದಿಗೆ ತೆಳುವಾದ ನೂಲು ಕಟ್ಟಿ ಕೋಣೆಯ ರಬ್ಬರ್ ಪಟ್ಟಿಯ ಗುಂಟ, ಪ್ಲಗ್ ವೈರ್ ತೂತುಗಳ ಬಳಿ, ಹೀಟರ್ ಮೂತಿಗಳ ಬಳಿ ನಿಧಾನವಾಗಿ ಸರಿಸಿ. ಊದುಬತ್ತಿಯ ಹೊಗೆ ಇನ್ನೂ ಚೆನ್ನಾಗಿ ತೋರಿಸುತ್ತದೆ ಎನಿಸಬಹುದು. ಕಾರ್ಬುರೇಟರ್ ಪಕ್ಕದಲ್ಲಿ ಕೆಂಡ ಹಿಡಿಯುವ ಬುದ್ಧಿ ಬೇಡ. ನೂಲು ಎಲ್ಲಿ ಹಾರಾಡುತ್ತದೆಯೋ ಅಲ್ಲಿ ಒಂದು ತಗಡೋ ರಬ್ಬರೋ ಇನ್ನೂ ಬಾಕಿ ಇದೆ.